ಅವರು ನಮ್ಮ ಅಡುಗೆಮನೆಯಲ್ಲಿದ್ದಾರೆ

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಕಂಟ್ರೋಲ್ ಸಾಹೇಬರು ಎಂದೇ ಕರೆಯುತ್ತಿದ್ದರು. ಈ ಬಿರುದು ಅವನಿಗೆ ಸಿಕ್ಕಿದ್ದು ಹೆಂಡತಿಯಾಗಲಿದ್ದವಳ ತಾಯಿಯನ್ನು ಮೊದಲ ಸಲ ಕಂಡ ದಿನ. ಆಕೆ, "ಏನು ಕೆಲಸ ಮಾಡ್ಕೊಂಡಿದೀರಿ?" ಎಂದು ಕೇಳಿದಾಗ ಅವನು ಪೆಸ್ಟ್ ಕಂಟ್ರೋಲ್ ಎಂದೇ ಹೇಳಹೊರಟ. ಸರಿಯಾಗಿ ಮೊದಲನೆಯ ಪದಕ್ಕೆ ಬಿಸ್ಕತ್ತಿನ ಚೂರೊಂದು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಎರಡನೆಯ ಪದ ಮಾತ್ರ ಸ್ಪಷ್ಟವಾಗಿ ಹೊರಬಿತ್ತು. ಕೆಮ್ಮು ನಿಂತ ಮೇಲೆ ತಿದ್ದಬಹುದಿತ್ತು. ಆದರೆ ಅಷ್ಟರಲ್ಲಿ ಆಕೆ ಪಕ್ಕದವರ ಕಡೆ ತಿರುಗಿ, "ಕಂಟ್ರೋಲ್ ಮಾಡೋ ಕೆಲಸವಂತೆ. ಅಂದ್ರೆ ಕೈಕೆಳಗೆ ಬೇಕಾದಷ್ಟು ಜನ ಇರ್ತಾರೆ" ಎಂದುಬಿಟ್ಟಿದ್ದರು.

ಕೈಕೆಳಗೆ ಬೇಕಾದಷ್ಟು ಇದ್ದದ್ದು ನಿಜವೇ. ಅವುಗಳಿಗೆ ಆರಾರು ಕಾಲು ಇದ್ದವು, ಅಷ್ಟೆ.

ಹೆಂಡತಿಗೆ ಸತ್ಯ ತಿಳಿದದ್ದು ಅವನ ಅಂಗಿ ಒಗೆದ ಮೊದಲ ದಿನ. ಔಷಧಿ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ದಿನವಿಡೀ ಕೂರುವವಳಿಗೆ ಯಾವ ವಾಸನೆ ಯಾವುದರದ್ದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ನಕ್ಕು, "ಅಮ್ಮನಿಗೆ ನಿಧಾನವಾಗಿ ಹೇಳೋಣ" ಎಂದಳು. ಆ ನಿಧಾನ ಎಷ್ಟು ನಿಧಾನವಾಗಿತ್ತೆಂದರೆ, ಅಮ್ಮ ಮಗಳ ಮನೆಗೇ ಬಂದು ನೆಲೆಸಿದರೂ ಅದಿನ್ನೂ ಬಂದಿರಲಿಲ್ಲ. ಪಂಪು, ಬೆನ್ನಿಗೆ ಕಟ್ಟುವ ಔಷಧಿ ತೊಟ್ಟಿ, ಮುಖವಾಡ ಎಲ್ಲ ಕಂಪನಿಯ ವ್ಯಾನಿನಲ್ಲೇ ಉಳಿಯುತ್ತಿದ್ದವು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು, ಕೈಯಲ್ಲಿ ಬರೀ ಊಟದ ಡಬ್ಬಿ ಹಿಡಿದು, ಅಧಿಕಾರಿಯ ಹಾಗೆ ಮೆಟ್ಟಿಲಿಳಿದು ಹೋಗುತ್ತಿದ್ದ. ಕೆಳಗಿನ ಮನೆಯ ಓನರು, ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು, ಅವನನ್ನು ಕಂಡಾಗಲೆಲ್ಲ ಹಿಮ್ಮಡಿ ಕೂಡಿಸಿ ನಿಂತು ಗೌರವ ತೋರಿಸುತ್ತಿದ್ದರು. ಅಧಿಕಾರಿಯೊಬ್ಬ ತಮ್ಮ ಬಾಡಿಗೆದಾರ ಎಂಬುದು ಅವರಿಗೂ ಹೆಮ್ಮೆಯ ವಿಷಯ.

ಹೀಗೆ ಎಲ್ಲ ಸುಖವಾಗಿದ್ದಾಗ ಅವನು ಪ್ರೊಫೆಸರಮ್ಮನ ಮನೆಗೆ ಔಷಧಿ ಹೊಡೆಯಲು ಹೋದ.

ಆಕೆ ಕಾಲೇಜಿನಿಂದ ನಿವೃತ್ತರಾದವರು. ಮನೆಯಲ್ಲಿ ಒಬ್ಬರೇ. ಮಾತಾಡಲು ಜನ ಸಿಕ್ಕಿದರೆ ಬಿಡುವವರಲ್ಲ. ಅವನು ಮುಖವಾಡ ಕಟ್ಟಿಕೊಳ್ಳುತ್ತಿದ್ದಾಗ, "ಎಷ್ಟು ವರ್ಷದಿಂದ ಈ ಕೆಲಸ?" ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ವರ್ಷ ಹೇಳಿ ಸುಮ್ಮನಾಗುತ್ತಿದ್ದರು. ಗೋಡೆ ತುಂಬ ಪುಸ್ತಕ ಕಂಡ ನಮ್ಮ ಸಾಹೇಬರಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ.

"ಬರೀ ಕೆಲಸ ಅಂತಲ್ಲ ಮೇಡಂ. ಕೀಟಗಳ ವಿಷಯದಲ್ಲಿ ನಾನೂ ಒಂದಿಷ್ಟು ಸಂಶೋಧನೆ ಮಾಡಿದೀನಿ."

ಪ್ರೊಫೆಸರಮ್ಮನ ಮುಖ ಅರಳಿತು. "ಹೌದಾ? ಹಾಗಾದ್ರೆ ನಿಮ್ಮನ್ನೇ ಕೇಳಬೇಕು. ಕೀಟಗಳಿಗೆ ಪ್ರಜ್ಞೆ ಇದೆ ಅಂತೀರಾ?"

ಪ್ರಜ್ಞೆ ಎಂದರೆ ತಲೆಗೆ ಪೆಟ್ಟು ಬಿದ್ದಾಗ ತಪ್ಪುವ ವಸ್ತು ಎಂದಷ್ಟೇ ಅವನಿಗೆ ಗೊತ್ತಿದ್ದದ್ದು. ಅದೇ ಆಧಾರದ ಮೇಲೆ ಗಂಭೀರವಾಗಿ ಹೇಳಿದ: "ಇದೆ ಮೇಡಂ. ನಾನು ಔಷಧಿ ಹೊಡೆದಾಗ ತಪ್ಪುತ್ತೆ."

ಪ್ರೊಫೆಸರಮ್ಮ ಕುರ್ಚಿ ಎಳೆದುಕೊಂಡು ಕೂತರು. "ತಪ್ಪುತ್ತೆ ಅಂದ್ರೆ ಮೊದಲು ಇತ್ತು ಅಂತಾಯ್ತು! ಎಂಥ ದೊಡ್ಡ ಮಾತನ್ನ ಎಷ್ಟು ಸಲೀಸಾಗಿ ಹೇಳಿಬಿಟ್ರಿ! ಈಗ ನೋಡಿ, ಜೇನುಹುಳಕ್ಕೆ ಮನುಷ್ಯರ ಮುಖ ಗುರುತಿಟ್ಟುಕೊಳ್ಳೋದನ್ನ ಕಲಿಸಬಹುದು. ದುಂಬಿಗಳಿಗೆ ಪುಟ್ಟ ಚೆಂಡು ಕೊಟ್ರೆ ಸುಮ್ಮನೆ ಖುಷಿಗೆ ಉರುಳಿಸ್ತಾ ಇರ್ತವೆ. ನೋವು, ಹೆದರಿಕೆ, ಇವೆಲ್ಲ ಅವಕ್ಕೆ ಇಲ್ಲ ಅಂತ ಎದೆ ತಟ್ಟಿ ಹೇಳೋರು ಈಗ ಕಡಿಮೆ. ಒಳಗೆ 'ನಾನು' ಅಂತ ಒಬ್ಬರು ಕೂತಿದ್ರೂ ಕೂತಿರಬಹುದು."

"ಒಬ್ಬರು ಕೂತಿದಾರಾ? ಜಿರಳೆ ಒಳಗೂ?"

"ಯಾಕಿರಬಾರದು? ಜಿರಳೆ ಏನು ತಪ್ಪು ಮಾಡಿದೆ?" ಆಕೆ ಕನ್ನಡಕ ತೆಗೆದು ಅವನನ್ನೇ ನೋಡಿದರು. "ಇಷ್ಟೆಲ್ಲ ಗೊತ್ತಿದ್ದೂ ನೀವು ಈ ಕೆಲಸ ಮಾಡ್ತೀರಲ್ಲ, ಹೆದರಿಕೆ ಆಗಲ್ವಾ?"

ಆಕೆ ಕೇಳಿದ್ದು ಮನಸ್ಸಾಕ್ಷಿಯ ಹೆದರಿಕೆಯನ್ನು. ಅವನ ಕಿವಿಗೆ ಬಿದ್ದದ್ದು ಎಚ್ಚರಿಕೆ.

ಅಡುಗೆಮನೆಗೆ ಹೋಗಿ ನೋಡಿದರೆ ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ದೊಡ್ಡದೊಂದು ಜಿರಳೆ ಕೂತಿತ್ತು. ಅದು ಓಡಲಿಲ್ಲ. ಉದ್ದನೆಯ ಮೀಸೆಗಳನ್ನು ಒಂದನ್ನು ಮೇಲೆ, ಒಂದನ್ನು ಕೆಳಗೆ ಮಾಡಿ ಇವನ ಕಡೆ ತಿರುಗಿಸಿತು. ಅವನ ಬೂಟು ನೋಡಿತು, ಕೈಗವಸು ನೋಡಿತು, ಮುಖದ ಹತ್ತಿರ ಬಂದು ಮೀಸೆ ನಿಂತವು. ಇಷ್ಟು ವರ್ಷದಲ್ಲಿ ಅವನು ಸಾವಿರಾರು ಜಿರಳೆಗಳನ್ನು ನೋಡಿದ್ದ. ಜಿರಳೆಯೊಂದು ತನ್ನನ್ನು ನೋಡಿದ್ದು ಇದೇ ಮೊದಲು. ಬೆನ್ನಿನ ತೊಟ್ಟಿ ಇದ್ದಕ್ಕಿದ್ದಂತೆ ಭಾರವಾಯಿತು.

"ಮೇಡಂ, ಮಿಷನ್ ಕೆಟ್ಟಿದೆ" ಎಂದು ಕೂಗಿ ಹಿಮ್ಮುಖವಾಗಿಯೇ ಹೊರಗೆ ಬಂದ. ಬೆನ್ನು ತೋರಿಸಲು ಧೈರ್ಯ ಸಾಲಲಿಲ್ಲ.

ಅಂದಿನಿಂದ ಅವನು ತೊಟ್ಟಿಗೆ ಔಷಧಿ ಹಾಕಲಿಲ್ಲ. ಮನೆ ಮನೆಗೆ ಹೋಗಿ, ಮುಖವಾಡ ಕಟ್ಟಿ, ನಲ್ಲಿ ನೀರನ್ನು ಬಹಳ ನಿಷ್ಠೆಯಿಂದ ಸಿಂಪಡಿಸಿ ಬಂದ. ಗಿರಾಕಿಗಳು ಮೊದಲ ದಿನ, "ವಾಸನೆಯೇ ಇಲ್ಲ, ಒಳ್ಳೆ ಔಷಧಿ" ಎಂದು ಹೊಗಳಿದರು. ಮರುದಿನದಿಂದ ಕಂಪನಿಯ ಯಜಮಾನರಿಗೆ ಫೋನುಗಳು ಬರತೊಡಗಿದವು.

ಆದರೆ ನೀರು ಹೊಡೆದ ಮಾತ್ರಕ್ಕೆ ಹಳೆಯದೆಲ್ಲ ತೊಳೆದುಹೋಗುತ್ತದೆಯೇ? ತನ್ನ ಮನೆಯ ಅಡುಗೆಮನೆಯಲ್ಲೂ ಅವಿದ್ದವು, ಸಿಂಕಿನ ಕೆಳಗೆ, ಒಲೆಯ ಹಿಂದಿನ ಸಂದಿಯಲ್ಲಿ. ಅವುಗಳ ಬಂಧುಬಳಗವನ್ನೆಲ್ಲ ಮುಗಿಸಿದವನು ಇವನೇ. ಮುಖ ಗುರುತು ಸಿಗುತ್ತದೆಂದರೆ ಗತಿ ಏನು? ಮೊದಲ ಕ್ರಮವಾಗಿ ಅವನು ಮೀಸೆ ಬೋಳಿಸಿದ. ಹೆಂಡತಿ, "ಅಯ್ಯೋ, ಚೆನ್ನಾಗಿ ಕಾಣ್ತೀರ. ಮೊದಲೇ ತೆಗೀಬಾರದಿತ್ತಾ?" ಎಂದು ಗಲ್ಲ ಮುಟ್ಟಿ ಕೆಲಸಕ್ಕೆ ಹೋದಳು. ಎರಡನೆಯ ಕ್ರಮವಾಗಿ, ಒಂದು ತಟ್ಟೆಯಲ್ಲಿ ಸಕ್ಕರೆ, ರೊಟ್ಟಿ ಚೂರು ಹಾಕಿ ಒಲೆಯ ಹಿಂದೆ ಸರಿಸಿದ. ಮೂರನೆಯದು ಕ್ರಮವಲ್ಲ, ತಾನಾಗಿ ಬಂದದ್ದು: 'ಅದು', 'ಇದು' ಎಂಬ ಮಾತುಗಳು ಅವನ ಬಾಯಿಂದ ಮಾಯವಾದವು. ಕೇಳಿಸಿಕೊಂಡು ಕೋಪಿಸಿಕೊಂಡಾವು ಎಂಬ ದಿಗಿಲಿಗೆ ಅವನು ಜಿರಳೆಗಳಿಗೆ ಬಹುವಚನ ಹಚ್ಚಿದ. ಒಲೆಯ ಮುಂದೆ ಬಗ್ಗಿ, "ದಯವಿಟ್ಟು ಊಟ ಮಾಡಿ" ಎಂದ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಯಾರಿಗೆ ಹೇಳ್ತಿದೀರಿ ಅಳಿಯಂದ್ರೇ?"

ಅವನು ಬೆಚ್ಚಿಬಿದ್ದ. ಜಿರಳೆ ಎಂದು ಬಾಯಿಬಿಟ್ಟರೆ ಇತ್ತ ಅವಕ್ಕೆ ಅವಮಾನ, ಅತ್ತ ಜಿರಳೆಗೂ ನಿಮಗೂ ಏನು ಸಂಬಂಧ ಎಂಬ ಪ್ರಶ್ನೆ. ದನಿ ತಗ್ಗಿಸಿ, "ಅವರಿಗೆ" ಎಂದ.

"ಯಾರವರು?"

"ಮೆತ್ತಗೆ ಅತ್ತೆ, ಕೇಳಿಸ್ಕೋತಾರೆ. ತಿಂದು ಹೋಗ್ಲಿ, ಕೋಪ ಸ್ವಲ್ಪ ಇಳೀಲಿ."

ಅತ್ತೆ ಅಡುಗೆಮನೆಯನ್ನು ಒಮ್ಮೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ್ದು ಯಾರಾದರೂ ಇರುವುದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಸದ್ದಿಲ್ಲದೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂದು ಮಧ್ಯಾಹ್ನ ಸಾಹೇಬರು ಬಚ್ಚಲಿನಲ್ಲಿ ನಿಂತು ಪ್ರೊಫೆಸರಮ್ಮನಿಗೆ ಫೋನು ಮಾಡಿದರು. ಬಚ್ಚಲಿಗೂ ಅತ್ತೆಯ ಕೋಣೆಗೂ ನಡುವೆ ಇದ್ದದ್ದು ಒಂದೇ ಇಟ್ಟಿಗೆ ದಪ್ಪದ ಗೋಡೆ. ಅತ್ತೆ ಅದಕ್ಕೆ ಲೋಟ ಒತ್ತಿ ಕಿವಿ ಕೊಟ್ಟಿದ್ದರು. ಕೇಳಿದ್ದು ಅಳಿಯನ ಅರ್ಧ ಮಾತ್ರ.

"ಮೇಡಂ, ನನ್ನಿಂದ ತಡ್ಕೊಳ್ಳೋಕೆ ಆಗ್ತಿಲ್ಲ. ಸಾವಿರಾರು ಜನರನ್ನ ಕೊಂದಿದೀನಿ ಮೇಡಂ. ಸಂಸಾರ ಸಂಸಾರಗಳನ್ನೇ. ಮಕ್ಕಳುಮರಿ ಅಂತಾನೂ ನೋಡ್ಲಿಲ್ಲ... ಹೌದು, ವಿಷ ಹಾಕಿ... ದುಡ್ಡಿಗೋಸ್ಕರ, ಇನ್ಯಾಕೆ? ಈಗ ಉಳಿದವರು ನಮ್ಮನೇಲೇ ಇದಾರೆ. ಅಡುಗೆಮನೇಲಿ ಅಡಗಿಕೊಂಡಿದಾರೆ. ದೀಪ ಹಾಕಿದ ತಕ್ಷಣ ಓಡ್ತಾರೆ... ಇಲ್ಲ, ಅತ್ತೆಗೆ ಗೊತ್ತಿಲ್ಲ. ಗೊತ್ತಾದ್ರೆ ಎಲ್ಲ ಮುಗೀತು."

'ಎಲ್ಲ ಮುಗೀತು' ಎಂಬಲ್ಲಿ ಅತ್ತೆಯ ಕೈಯ ಲೋಟ ಜಾರಿ ಬಿತ್ತು. ಠಣ್ ಎಂಬ ಸದ್ದಿಗೆ ಬಚ್ಚಲಿನಿಂದ, "ಬಂದ್ರು ಮೇಡಂ, ಬಂದ್ರು!" ಎಂಬ ಕೂಗು ಕೇಳಿಸಿತು.

ಮಗಳಿಗೆ ಹೇಳೋಣವೆಂದರೆ ಆ ಹುಡುಗಿಯ ಮನಸ್ಸಿನಲ್ಲಿದ್ದದ್ದು ಮುಖದಲ್ಲಿ ಕಂಡುಬಿಡುತ್ತದೆ. ಕಂಡರೆ ಅವಳನ್ನೂ ಮುಗಿಸಿಯಾನು. ಹಾಗಾಗಿ ಅತ್ತೆ ಅಂದು ಸಂಜೆ ಅಳಿಯ ಮಾಡಿಕೊಟ್ಟ ಚಹಾವನ್ನು, "ಬಿಸಿ ಜಾಸ್ತಿ ಇದೆ, ಆರಲಿ" ಎನ್ನುತ್ತಾ ಹೂಕುಂಡಕ್ಕೆ ಸುರಿದರು. ಮರುದಿನ ಬೆಳಗಿನದೂ ಹೂಕುಂಡಕ್ಕೇ ಹೋಯಿತು. ಬಿಸಿ ಚಹಾ ಕುಡಿದ ಗಿಡದ ಎಲೆ ಜೋಲುಬಿತ್ತು. ಅತ್ತೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕೊಡೆ ಹಿಡಿದುಕೊಂಡು ಕೆಳಗಿಳಿದು ಓನರಿನ ಬಾಗಿಲು ತಟ್ಟಿದರು.

ಓನರು ಎಲ್ಲ ಕೇಳಿ ಎದೆ ಉಬ್ಬಿಸಿದರು. "ನೀವೇನೂ ಹೆದರಬೇಡಿ ಅಮ್ಮ. ನಾನೇ ಹೋಗಿ ಮಾತಾಡಿಸಿ, ಪತ್ತೆ ಮಾಡ್ತೀನಿ" ಎಂದರು. ಮೆಟ್ಟಿಲು ಹತ್ತುವಾಗ ಮಾತ್ರ ಅತ್ತೆಯನ್ನೇ ಮುಂದೆ ಬಿಟ್ಟುಕೊಂಡರು.

ಸಾಹೇಬರು ಸಿಂಕಿನ ಮುಂದೆ ಮಂಡಿಯೂರಿ ಕೂತಿದ್ದರು. ಓನರು ಕೆಮ್ಮಿ, "ಏನ್ ಸಾರ್, ನಲ್ಲಿ ಸೋರ್ತಿದೆ ಅಂದ್ರಲ್ಲ, ನೋಡೋಣ ಅಂತ ಬಂದೆ" ಎಂದರು. ಯಾರೂ ಹಾಗೆ ಅಂದಿರಲಿಲ್ಲ. ಪತ್ತೇದಾರಿಯಲ್ಲಿ ಇದೆಲ್ಲ ಮಾಮೂಲು.

"ನಲ್ಲಿ ಸರಿಯಾಗಿದೆ ಸಾರ್."

"ಮೀಸೆ ತೆಗೆದ್ರಾ?"

"ಹೂಂ. ಅವರಿಗೆ ಗುರುತು ಸಿಗಬಾರದು ಅಂತ."

ಓನರು ಒಂದು ಹೆಜ್ಜೆ ಹಿಂದೆ ಸರಿದರು. "ಅವರು... ಈಗ ಇದಾರಾ ಒಳಗೆ?"

ತನ್ನ ಕಷ್ಟ ಅರ್ಥವಾಗುವವರೊಬ್ಬರು ಸಿಕ್ಕಿದರಲ್ಲ ಎಂದು ಸಾಹೇಬರು ಎದ್ದು ಕೈ ಮುಗಿದರು. "ನಿಮಗೂ ಗೊತ್ತಾಯ್ತಾ ಸಾರ್? ಇದಾರೆ. ನಿಮ್ಮ ಮನೇಲೂ ಇದಾರೆ."

"ನ-ನಮ್ಮನೇಲಾ?"

"ಇಲ್ಲದೆ ಏನು? ಪೈಪಿನೊಳಗಿಂದ ಹತ್ತಿ ಬರ್ತಾರೆ. ಮಂಚದ ಕೆಳಗೆ, ಬೀರು ಹಿಂದೆ, ನೀವು ಬಿಚ್ಚಿಟ್ಟ ಬೂಟೊಳಗೂ ಒಂದೊಂದ್ಸಲ ಇರ್ತಾರೆ."

"ಬೂಟೊಳಗಾ?" ಓನರಿನ ದನಿ ಸಣ್ಣದಾಯಿತು.

"ಸಣ್ಣೋರು ಸಾರ್. ದೊಡ್ಡೋರು ಹಿಡಿಸಲ್ಲ. ನೀವು ಮಲಗಿದ ಮೇಲೆ ಮುಖದ ಮೇಲೂ ನಡೆದಾಡಿರ್ತಾರೆ. ನಿಮಗೆ ಗೊತ್ತಾಗಿರಲ್ಲ ಅಷ್ಟೆ. ಒಬ್ಬರನ್ನ ಕಂಡ್ರಿ ಅಂದ್ರೆ ಕಾಣದೆ ಇರೋರು ನೂರು ಜನ ಅಂತ ಲೆಕ್ಕ."

ಇದು ಕಸುಬಿನವರು ಗಿರಾಕಿಗಳಿಗೆ ದಿನಾ ಹೇಳುವ ಮಾತು. ಆದರೆ ನಿವೃತ್ತ ಡ್ರಿಲ್ ಮಾಸ್ತರರು ಇಂಥದ್ದನ್ನು ಜನ್ಮದಲ್ಲಿ ಕೇಳಿರಲಿಲ್ಲ. ಮೆಟ್ಟಿಲಿಳಿದು ಮನೆಗೆ ಹೋಗಿ, ಮಂಚದ ಕೆಳಗೆ ಕೊಡೆಯಿಂದ ತಿವಿದು ನೋಡಿ, ಬೂಟು ಮುಟ್ಟಲು ಧೈರ್ಯವಾಗದೆ ಬಚ್ಚಲಿನ ಚಪ್ಪಲಿಯಲ್ಲೇ ಹೊರಟರು. "ನಡೀರಿ ಅಮ್ಮ, ಸ್ಟೇಷನ್ನಿಗೆ. ಇದು ಒಬ್ಬರ ಕೈಲಿ ಆಗೋದಲ್ಲ. ದೊಡ್ಡ ಗುಂಪೇ ಇದೆ. ಸಣ್ಣೋರನ್ನೂ ಇಟ್ಕೊಂಡಿದಾರೆ. ಬೂಟೊಳಗೆ ಹಿಡಿಸೋವಷ್ಟು ಸಣ್ಣೋರು!"

ಇತ್ತ ಅದೇ ಹೊತ್ತಿಗೆ ಯಜಮಾನರ ಫೋನು ಬಂತು. "ಏನಯ್ಯಾ, ನೀನು ಹೋದ ಮನೆಗಳಲ್ಲೆಲ್ಲ ಜಿರಳೆ ಮೊದಲಿಗಿಂತ ದಷ್ಟಪುಷ್ಟವಾಗಿವೆಯಂತೆ! ಇವತ್ತು ಪೊಲೀಸ್ ಸ್ಟೇಷನ್ ಕೆಲಸ. ಅಲ್ಲಿ ಒಂದು ಉಳಿದ್ರೂ ನಿನ್ನ ಕೆಲಸ ಉಳಿಯಲ್ಲ. ವ್ಯಾನ್ ಬರ್ತಿದೆ, ಹತ್ತು."

ಸ್ಟೇಷನ್ನಿನ ಹಿಂಬದಿಯ ಕೊಳಾಯಿಯ ಹತ್ತಿರ ಅವನು ಒಂದು ಕೈಯಲ್ಲಿ ಔಷಧಿ ಡಬ್ಬ, ಇನ್ನೊಂದು ಕೈಯಲ್ಲಿ ತೊಟ್ಟಿಯ ಮುಚ್ಚಳ ಹಿಡಿದು ನಿಂತ. ಡಬ್ಬವನ್ನು ಬಗ್ಗಿಸಿದ. ಮತ್ತೆ ನೆಟ್ಟಗೆ ಮಾಡಿದ. ಕೆಲಸ ಹೋದರೆ ಬಾಡಿಗೆ ಇಲ್ಲ, ಬಾಡಿಗೆ ಇಲ್ಲದಿದ್ದರೆ ಮನೆ ಇಲ್ಲ, ಅತ್ತೆಯ ಮುಂದೆ ಮುಖವಂತೂ ಇಲ್ಲವೇ ಇಲ್ಲ. ಆದರೆ ಕೊಳಾಯಿಯ ಬುಡದ ತೂತಿನಿಂದ ಎರಡು ಮೀಸೆಗಳು ಹೊರಬಂದು ಅವನ ಕಡೆ ತಿರುಗಿದವು. ಅವನು ಕೊಳಾಯಿ ತಿರುಗಿಸಿ ತೊಟ್ಟಿ ತುಂಬ ನೀರು ಹಿಡಿದ.

ಒಳಗೆ ಇನ್‌ಸ್ಪೆಕ್ಟರು ಅತ್ತೆಯ ದೂರು ಕೇಳುತ್ತಾ ಬೆವರುತ್ತಿದ್ದರು. ಆ ಠಾಣೆಯಲ್ಲಿ ಸೈಕಲ್ ಕಳವಿಗಿಂತ ದೊಡ್ಡದು ಯಾವತ್ತೂ ನಡೆದಿರಲಿಲ್ಲ. ಜಿರಳೆ ಔಷಧಿಯವನನ್ನು ಕರೆಸಿದ್ದ ಗುಮಾಸ್ತ ಅಂದು ರಜೆ. ಯಾರೋ ಬರುತ್ತಾರೆಂದು ಉಳಿದವರಿಗೆ ತಿಳಿಸಿಯೂ ಇರಲಿಲ್ಲ.

"ಸಾವಿರಾರು ಜನ ಅಂದ್ರಾ? ನೂರಾರು ಅಲ್ಲ ತಾನೆ?" ಇನ್‌ಸ್ಪೆಕ್ಟರು ಸ್ವಲ್ಪ ಚೌಕಾಸಿ ಮಾಡಿ ನೋಡಿದರು.

"ಸಾವಿರಾರು! ನನ್ನ ಈ ಕಿವಿಯಾರೆ ಕೇಳಿದೀನಿ. ವಿಷ ಹಾಕಿ. ಉಳಿದವರಿಗೆ ಗುರುತು ಸಿಗಬಾರದು ಅಂತ ಮೀಸೇನೂ ಬೋಳಿಸಿದಾನೆ."

"ಈಗ ಎಲ್ಲಿದಾನೆ?"

ಆಗ ಹಿಂಬಾಗಿಲು ತೆರೆಯಿತು. ಮೂಗುಬಾಯಿಗೆ ಕಪ್ಪು ಮುಖವಾಡ, ಮೊಣಕೈವರೆಗೆ ರಬ್ಬರ್ ಕೈಗವಸು, ಬೆನ್ನ ಮೇಲೆ ತೊಟ್ಟಿ, ಕೈಯಲ್ಲಿ ಉದ್ದನೆಯ ನಳಿಗೆ ಹಿಡಿದ ಒಬ್ಬ ಮನುಷ್ಯ ಒಳಗೆ ಬಂದು, "ಎಲ್ಲಿಂದ ಶುರು ಮಾಡ್ಲಿ ಸಾರ್?" ಎಂದು ಕೇಳಿದ.

ದನಿ ಗುರುತಿಸಿದ ಅತ್ತೆ ಚೀರಿದರು. ಓನರು ಜೀವನದಲ್ಲೇ ಅತ್ಯಂತ ಶಿಸ್ತಿನ ಡ್ರಿಲ್ ಮಾಡಿ ಬೆಂಚಿನ ಹಿಂದೆ ಸೇರಿದರು. ಇದ್ದ ಒಬ್ಬ ಪೇದೆ ಲಾಕಪ್ಪಿನೊಳಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಳ್ಳಲು ನೋಡಿದ. ಆ ಬಾಗಿಲಿಗೆ ಒಳಗೆ ಚಿಲಕವಿಲ್ಲ ಎಂಬುದು ಅವನಿಗೆ ಅಂದೇ ತಿಳಿದದ್ದು. ಇನ್‌ಸ್ಪೆಕ್ಟರು ಕುರ್ಚಿಯನ್ನು ಗುರಾಣಿಯಂತೆ ಎತ್ತಿ ಹಿಡಿದರು.

"ಆ ತೊಟ್ಟೀಲಿ ಏನಿದೆ?"

ನೀರು ಎಂದರೆ ಕೆಲಸ ಹೋಗುತ್ತದೆ. "ವಿಷ ಸಾರ್" ಎಂದ ಸಾಹೇಬ, ಮುಖವಾಡ ಕೆಳಗಿಳಿಸಿ. ಬೆಂಚಿನ ಕಡೆ ನೋಡಿ ಬಿಳಿಚಿಕೊಂಡ. "ಅತ್ತೆ? ನೀವಿಲ್ಲಿ?"

"ಅಲ್ಲೇ ನಿಲ್ಲು! ನಳಿಗೆ ಕೆಳಗೆ!" ಇನ್‌ಸ್ಪೆಕ್ಟರು ಕೂಗಿದರು. "ನಿಜ ಹೇಳು, ಎಷ್ಟು ಜನರನ್ನ ಕೊಂದಿದೀಯಾ?"

ಪೊಲೀಸರಿಗೂ ತಿಳಿದುಹೋಗಿದೆ! ಇಷ್ಟು ದಿನ ಎದೆಯೊಳಗೆ ಹೊತ್ತದ್ದು ಒಮ್ಮೆಲೇ ಹೊರಬಂತು. "ಲೆಕ್ಕ ಇಟ್ಟಿಲ್ಲ ಸಾರ್. ತಪ್ಪಾಯ್ತು."

"ಎಲ್ಲೆಲ್ಲಿ?"

"ಎಲ್ಲ ಕಡೆ. ಹೋಟೆಲು, ಆಸ್ಪತ್ರೆ, ನಿಮ್ಮ ಕ್ವಾರ್ಟರ್ಸಿನಲ್ಲೂ ಹೋದ ವರ್ಷ."

"ಕ್ವಾರ್ಟರ್ಸಿನಲ್ಲಾ? ಹೆಣ ಏನು ಮಾಡಿದೆ?"

"ಪೊರಕೇಲಿ ಗುಡಿಸಿ ಕಸದ ಡಬ್ಬಕ್ಕೆ ಹಾಕ್ದೆ."

ಲಾಕಪ್ಪಿನೊಳಗಿಂದ ಪೇದೆ ನರಳಿದ. ಇನ್‌ಸ್ಪೆಕ್ಟರು ಕುರ್ಚಿಯನ್ನು ಇನ್ನಷ್ಟು ಮೇಲೆತ್ತಿದರು. ಆದರೂ ಖಾಕಿಯ ಮರ್ಯಾದೆಗೆ ಕೊನೆಯ ಪ್ರಶ್ನೆ ಕೇಳಿದರು. "ಅವರು ಅವರು ಅಂತೀಯಂತಲ್ಲ, ಯಾರಯ್ಯಾ ಅವರು? ಬದುಕಿರೋರಲ್ಲಿ ಒಬ್ಬರನ್ನಾದ್ರೂ ತೋರಿಸು ನೋಡೋಣ!"

ಸಾಹೇಬ ಬೆರಳು ಎತ್ತಿ ತೋರಿಸಿದ. "ನಿಮ್ಮ ಭುಜದ ಮೇಲೇ ಕೂತಿದಾರಲ್ಲ ಸಾರ್."

ಇನ್‌ಸ್ಪೆಕ್ಟರು ನಿಧಾನವಾಗಿ ಕತ್ತು ತಿರುಗಿಸಿದರು. ಭುಜಪಟ್ಟಿಯ ನಕ್ಷತ್ರದ ಪಕ್ಕದಲ್ಲಿ ದಷ್ಟಪುಷ್ಟವಾದ ಜಿರಳೆಯೊಂದು ಮೀಸೆ ಆಡಿಸುತ್ತಾ ಕೂತಿತ್ತು.

ಆ ನಂತರದ ಕೂಗು ಯಾರದ್ದೆಂದು ಇಲ್ಲಿ ಬರೆಯುವುದು ಇಲಾಖೆಯ ಗೌರವಕ್ಕೆ ತಕ್ಕುದಲ್ಲ. ಕುರ್ಚಿ ಬಿತ್ತು, ಇನ್‌ಸ್ಪೆಕ್ಟರು ಮೇಜಿನ ಮೇಲಿದ್ದರು, ಜಿರಳೆ ಹಾರಿ ಅವರ ಕಾಲ ಬಳಿ ಕೂತಿತು.

"ಜಿರಳೆ?" ಎಂದರು ಓನರು, ಬೆಂಚಿನ ಹಿಂದಿನಿಂದ.

"ಜಿರಳೆ?" ಎಂದರು ಅತ್ತೆ. "ನೀವು ಕೊಂದದ್ದು ಜಿರಳೇನಾ?"

"ಹೌದು ಅತ್ತೆ. ನಾನು ಪೆಸ್ಟ್ ಕಂಟ್ರೋಲು. ಆವತ್ತು ಬಿಸ್ಕತ್ತು ಸಿಕ್ಕಿಹಾಕ್ಕೊಂಡಿತ್ತು" ಎಂದ ಅವನು, ತಲೆತಗ್ಗಿಸಿ.

ಇನ್‌ಸ್ಪೆಕ್ಟರಿಗೆ ಹೋದ ಜೀವ ಬಂತು. ಜೀವದ ಜೊತೆ ಕೋಪವೂ ಬಂತು. "ಏನಯ್ಯಾ ನೋಡ್ತಾ ನಿಂತಿದೀಯ? ಹೊಡಿ ಇದಕ್ಕೆ!"

"ಸಾರ್, ಅವರಿಗೆ ಒಳಗೆ..."

"ಹೊಡಿ!"

ಅವನು ಕಣ್ಣು ಮುಚ್ಚಿ ನಳಿಗೆ ಒತ್ತಿದ. ಜಿರಳೆ ತಲೆಯಿಂದ ಕಾಲಿನವರೆಗೆ ತೊಯ್ದಿತು. ಎಲ್ಲರೂ ಕಾದರು. ಜಿರಳೆ ಒಂದು ಮೀಸೆಯನ್ನು ಬಾಯಿಗೆ ಎಳೆದುಕೊಂಡು ಒರೆಸಿತು, ಇನ್ನೊಂದನ್ನೂ ಒರೆಸಿತು, ರೆಕ್ಕೆ ಕೊಡವಿತು, ಸ್ನಾನ ಮುಗಿಸಿದವರಂತೆ ಲವಲವಿಕೆಯಿಂದ ಎರಡು ಹೆಜ್ಜೆ ಇಟ್ಟಿತು. ಓನರು ಮೇಜಿನ ಮೇಲೆ ಬೆರಳಾಡಿಸಿ ಮೂಸಿ ನೋಡಿ, "ಇದು ನೀರು!" ಎಂದರು. ಅವರ ಪತ್ತೇದಾರಿ ಅಷ್ಟರ ಮಟ್ಟಿಗೆ ಯಶಸ್ವಿಯಾಯಿತು.

"ಓಹೋ! ಊರಿಗೆಲ್ಲ ನೀರು ಹೊಡೆದು ಔಷಧಿಗೆ ಅಂತ ದುಡ್ಡು ವಸೂಲಿ! ಇದು ಮೋಸ. ಒಳಗೆ ಹಾಕ್ತೀನಿ ನಿನ್ನ! ಏಯ್, ಲಾಕಪ್ಪಿನಿಂದ ಈಚೆ ಬಾರಯ್ಯಾ, ಇವನಿಗೆ ಜಾಗ ಬೇಕು!"

ಪೇದೆ ಹೊರಬಂದು ಅವನ ತೋಳು ಹಿಡಿದ. ಈಗ ನಗುವ ಮಾತಿರಲಿಲ್ಲ. ಸಾಹೇಬ ಬೆನ್ನಿನ ತೊಟ್ಟಿ ಕಳಚಿ ಕೆಳಗಿಟ್ಟ. ಅವನ ಮುಖ ಎಷ್ಟು ಸಣ್ಣದಾಗಿತ್ತೆಂದರೆ, ಮೀಸೆಯಿಲ್ಲದ ಆ ಮುಖದಲ್ಲಿ ಹಳೆಯ ಅಧಿಕಾರಿಯ ಸುಳಿವೇ ಇರಲಿಲ್ಲ. "ಅತ್ತೆ, ಅವಳಿಗೆ ಹೇಳಿ, ಅಡುಗೆಮನೇಲಿ ತಟ್ಟೆ ಇದೆ, ಊಟಕ್ಕೆ ಬಂದೋರನ್ನ ತುಳಿದುಬಿಟ್ಟಾಳು" ಎಂದಷ್ಟೇ ಹೇಳಿದ.

ಅತ್ತೆ ಕೊಡೆಯನ್ನು ನೆಲಕ್ಕೆ ಕುಟ್ಟಿ ಎದ್ದರು.

"ಬಿಡಯ್ಯಾ ಅವನ ಕೈ. ಸ್ವಾಮಿ, ದೂರು ಕೊಟ್ಟೋಳು ನಾನು. ಇವನು ಕೊಂದ ಅಂತ ಬಂದೆ. ಈಗ ಕೊಲ್ಲಲಿಲ್ಲ ಅಂತ ಒಳಗೆ ಹಾಕ್ತೀರಾ? ಎರಡರಲ್ಲಿ ಯಾವುದು ತಪ್ಪು, ಮೊದಲು ನಿಶ್ಚಯ ಮಾಡ್ಕೊಳ್ಳಿ!"

"ಅಮ್ಮ, ಅದು ಹಾಗಲ್ಲ, ನೀರು..."

"ನೀರು ಹೊಡೆದ್ರೆ ಯಾರು ಸತ್ರು? ತೋರಿಸಿ! ಎರಡು ದಿನದಿಂದ ಇವನು ಕೊಟ್ಟ ಚಹಾ ಚೆಲ್ಲಿ ಚೆಲ್ಲಿ ನನ್ನ ಪ್ರಾಣ ಒಣಗಿಹೋಗಿದೆ. ಕೊಲೆಗಾರನ ಮನೇಲಿ ಇದೀನಿ ಅಂತ ಕಣ್ಣು ಮುಚ್ಚಿಲ್ಲ. ನೋಡಿದ್ರೆ ಇವನಿಗೆ ಒಂದು ಹುಳ ಹೊಸಕೋಕೂ ಕೈ ಬರಲ್ಲ! ಇಂಥ ಅಳಿಯನನ್ನ ಹಿಡ್ಕೊಂಡು ಹೋಗ್ತೀರಾ?"

ಅಳಿಯಂದ್ರು 'ಅವನು' ಆಗಿದ್ದನ್ನು ಯಾರೂ ಗಮನಿಸಲಿಲ್ಲ, ಅಳಿಯನ ಹೊರತು. ಅವನ ಕಣ್ಣು ತುಂಬಿತು.

ಇನ್‌ಸ್ಪೆಕ್ಟರು ತಮ್ಮ ಕಾಲ ಕಡೆ ಬಗ್ಗಿದರು. ಅವರ ಗಮನ ಮೇಜಿನ ಮೇಲಿತ್ತು. ಒದ್ದೆ ಜಿರಳೆ ಅವರ ಬೂಟಿನ ಮುಂದೆ ಬಂದು, ತಲೆ ಎತ್ತಿ, ಮೀಸೆಗಳನ್ನು ಬೂಟಿನ ಮೇಲೆ ಸವರಿ ಸವರಿ ನೋಡುತ್ತಿತ್ತು.

"ಏನಯ್ಯಾ," ಅವರು ಪಿಸುಗುಟ್ಟಿದರು, "ಇದಕ್ಕೆ ನಿಜವಾಗ್ಲೂ ಗುರುತು ಸಿಗುತ್ತಾ?"

"ಯಾಕೆ ಸಾರ್?"

"ಬೆಳಗ್ಗೆ ಇದೇ ಬೂಟಲ್ಲಿ ಒಂದನ್ನ... ಒಬ್ಬರನ್ನ..." ಬೂಟನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. "ಎಲ್ಲರೂ ಹೊರಡಿ. ಕೇಸೂ ಇಲ್ಲ, ಗೀಸೂ ಇಲ್ಲ. ಹೋಗುವಾಗ... ಇವರನ್ನೂ ಜೊತೇಲಿ ಕರ್ಕೊಂಡು ಹೋಗ್ಬಿಡು ಮಾರಾಯ."

ಸಾಹೇಬ ಕೈಗವಸಿನ ಅಂಗೈ ಚಾಚಿದ. ಅವನ ಕೈ ಅದುರುತ್ತಿತ್ತು. ಜಿರಳೆ ಹತ್ತಿತು. ಅದರ ಆರೂ ಕಾಲುಗಳು ರಬ್ಬರಿನ ಮೇಲೆ ಹಗುರಾಗಿ ಅದುರುವುದು ಅವನಿಗೆ ತಿಳಿಯಿತು. ತನ್ನ ನಡುಕ ಯಾವುದು, ಅದರದ್ದು ಯಾವುದು ಎಂದು ಬಿಡಿಸಿ ಹೇಳಲು ಅವನಿಂದಾಗಲಿಲ್ಲ. ಹಿಂಬಾಗಿಲ ಬಳಿ ಕೊಳಾಯಿಯ ತೂತಿನ ಮುಂದೆ ಕೈ ಇಳಿಸಿದ. ಅದು ತಿರುಗಿಯೂ ನೋಡದೆ ಓಡಿತು. ಗುರುತು ಹಿಡಿಯುವ ಪುರುಸೊತ್ತು ಅದಕ್ಕಿರಲಿಲ್ಲ.

ವ್ಯಾನಿನಲ್ಲಿ ಯಜಮಾನರ ಫೋನು ಕಾಯುತ್ತಿತ್ತು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಎರಡೇ ಮಾತಿನಲ್ಲಿ ಕೆಲಸ ಹೋಯಿತು. ವ್ಯಾನು ಪಂಪು, ತೊಟ್ಟಿ, ಮುಖವಾಡ ಹೊತ್ತುಕೊಂಡು ಹೋಯಿತು. ಅವನೂ ಅತ್ತೆಯೂ ಮನೆಯ ಕಡೆ ನಡೆದರು. ಸ್ವಲ್ಪ ಹಿಂದೆ ಬಚ್ಚಲಿನ ಚಪ್ಪಲಿಯಲ್ಲಿ ಓನರು.

"ಈಗ ಏನು ಮಾಡ್ತೀಯಾ?" ಅತ್ತೆ ಕೇಳಿದರು.

"ಗೊತ್ತಿಲ್ಲ ಅತ್ತೆ."

"ಅವಳಿಗೆ ನಾನು ಹೇಳ್ತೀನಿ. ನೀನು ಸುಮ್ಮನಿರು." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಅಲ್ಲ, ನಿಜವಾಗ್ಲೂ ಅವಕ್ಕೆ ಒಳಗೆ ಏನಾದ್ರೂ ಆಗುತ್ತಾ? ಹೆದರಿಕೆ, ನೋವು, ಅಂಥದ್ದು?"

ಅವನು ಬಾಯಿ ತೆರೆದ. ಸಂಶೋಧಕನ ಹಾಗೆ ಏನಾದರೂ ಹೇಳಬೇಕೆಂದು ಹಳೆಯ ಚಟ ನಾಲಗೆಯವರೆಗೆ ಬಂತು. ನುಂಗಿಕೊಂಡ. "ಅದೂ ಗೊತ್ತಿಲ್ಲ ಅತ್ತೆ. ಗೊತ್ತಿಲ್ಲ ಅನ್ನೋದಕ್ಕೇ ಹೆದರಿಕೆ."

ಅತ್ತೆಯ ನಡಿಗೆ ಬದಲಾಯಿತು. ತಲೆ ತಗ್ಗಿಸಿ, ಹೆಜ್ಜೆ ಇಡುವ ಮೊದಲು ಕೊಡೆಯ ತುದಿಯಿಂದ ನೆಲ ತೋರಿಸಿ, ನೋಡಿ, ಆಮೇಲೆ ಕಾಲಿಡತೊಡಗಿದರು. ಬೇಕರಿಯ ಎದುರು ರಸ್ತೆ ದಾಟಬೇಕಾದಲ್ಲಿ ತಟ್ಟನೆ ನಿಂತುಬಿಟ್ಟರು. ಚರಂಡಿಯ ಅಂಚಿನಿಂದ ಹೊರಟ ಇರುವೆಗಳ ಸಾಲೊಂದು, ಬ್ರೆಡ್ಡಿನ ಪುಡಿ ಹೊತ್ತು, ರಸ್ತೆಗೆ ಅಡ್ಡವಾಗಿ ಆಚೆ ದಡಕ್ಕೆ ಹೋಗುತ್ತಿತ್ತು. ಅತ್ತ ತಿರುವಿನಲ್ಲಿ ಬಸ್ಸು ಕಾಣಿಸಿತು.

ಅತ್ತೆ ರಸ್ತೆಯ ನಡುವೆ ಹೋಗಿ ಕೊಡೆ ಅಡ್ಡ ಹಿಡಿದರು. ಬಸ್ಸು ಕೀರಿಟ್ಟು ನಿಂತಿತು. ಹಿಂದೆ ಒಂದು ಕಾರು, ಅದರ ಹಿಂದೆ ಹಾಲಿನ ವ್ಯಾನು ನಿಂತವು. ಡ್ರೈವರು ಕಿಟಕಿಯಿಂದ ತಲೆ ಹಾಕಿ ಅರಚಿದ: "ಏನಮ್ಮಾ, ಯಾರು ಬರ್ತಿದಾರೆ ಅಂತ ರಸ್ತೆ ಬಂದ್ ಮಾಡಿದೀರಿ?"

ಹಿಂದಿನಿಂದ ಬರುತ್ತಿದ್ದ ಓನರು ಒಂದು ಕಾಲು ಎತ್ತಿದ್ದವರು ಹಾಗೇ ನಿಂತರು. ಇಡಲು ಭಯ, ಹಿಂದೆ ತೆಗೆಯಲೂ ಭಯ. ಸಾಹೇಬ ಅವರ ತೋಳಿಗೆ ಆಸರೆ ಕೊಟ್ಟ. ಬಸ್ಸಿನ ಜನ ಒಬ್ಬೊಬ್ಬರಾಗಿ ಇಳಿದು ಬಂದು, ಬೈಯಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ, ಆಮೇಲೆ ಅತ್ತೆ ನೋಡುತ್ತಿದ್ದ ನೆಲ ನೋಡಿ, ತಮ್ಮ ತಮ್ಮ ಚಪ್ಪಲಿಯ ಅಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿಕೊಂಡರು.

ಹಾರ್ನುಗಳು ನಿಂತವು. ಇರುವೆಗಳ ಸಾಲು ಮಾತ್ರ ಮುಗಿಯುವ ಲಕ್ಷಣ ಕಾಣಲಿಲ್ಲ.